ಸರ್ವಿಸ್ ಗಾಡಿಯಲ್ಲಿ ಜೆರುಸಲೇಮಿಗೆ



ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ನಮಗೆ ಸರ್ವಿಸ್ ಜೀಪು ಅಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜನ ತುಂಬುವವರೆಗೆ ಅದು ಹೊರಡುವುದಿಲ್ಲ. ತುಂಬಿದ ಮೇಲೂ ದಾರಿಯಲ್ಲಿ ಕೈ ತೋರಿಸಿದವರನ್ನು ಬಿಟ್ಟು ಹೋಗುವುದಿಲ್ಲ. ನಮ್ಮ ಮನೆಯ ತಿರುವು ಬಂದಾಗ "ಇಲ್ಲಿ ಒಂದು ಇಳೀಲಿಕ್ಕುಂಟು" ಅಂದರೆ ಸಾಕು. ಇಸ್ರೇಲ್ ದೇಶದಲ್ಲೂ ಇಂಥದ್ದೇ ಗಾಡಿ ಉಂಟು. ಆಶ್ಚರ್ಯವೆಂದರೆ ಹೆಸರೂ ಅದೇ. ಹೀಬ್ರೂ ಭಾಷೆಯಲ್ಲಿ ಅದು 'ಶೆರೂತ್'. ಶೆರೂತ್ ಅಂದರೆ ಸೇವೆ, ನಮ್ಮ ಮಾತಿನಲ್ಲಿ ಸರ್ವಿಸ್. ಅಲ್ಲಿನ ಅರಬ್ಬಿ ಮಾತಾಡುವವರು ಅದನ್ನು 'ಸೆರ್ವೀಸ್' ಎಂದೇ ಕರೆಯುತ್ತಾರೆ. ಹತ್ತು ಜನ ಕೂರುವ ವ್ಯಾನು. ವಿಮಾನ ನಿಲ್ದಾಣದ ಬಾಗಿಲಿನಲ್ಲಿ ಹತ್ತಿಸಿಕೊಂಡು ಜೆರುಸಲೇಮ್ ನಗರದಲ್ಲಿ ಒಬ್ಬೊಬ್ಬರನ್ನೇ ಅವರವರ ಮನೆಗೆ, ಹೋಟೆಲಿಗೆ ಬಿಡುತ್ತಾ ಹೋಗುತ್ತದೆ.

ಅದರಲ್ಲಿ ನಾನು ಕುಳಿತದ್ದು ಒಮ್ಮೆ ಮಾತ್ರ, 2019ರ ಫೆಬ್ರವರಿಯಲ್ಲಿ. ನಮ್ಮ ಮತ್ತು ನೆರೆಯ ಧರ್ಮಕೇಂದ್ರಗಳವರು ಸೇರಿ ಪವಿತ್ರ ನಾಡಿಗೆ ಯಾತ್ರೆ ಹೊರಟಿದ್ದೆವು. ನನ್ನ ವೀಸಾ ಮಾತ್ರ ಎರಡು ದಿನ ತಡವಾಗಿ ಬಂತು. ತಂಡದವರು ಮುಂದೆ ಹೋಗಿ ಆಗಿತ್ತು. ಮುಂಬೈಯಿಂದ ಹೊರಟು ನಡುವೆ ಒಂದು ಕಡೆ ವಿಮಾನ ಬದಲಿಸಿ, ಒಬ್ಬಳೇ ಹೋಗಿ ಅವರನ್ನು ಸೇರಬೇಕು. ತಂಡವನ್ನು ಕರೆದುಕೊಂಡು ಹೋದ ಫಾದರ್ ವಾಟ್ಸಾಪಿನಲ್ಲಿ ಮೂರು ದಾರಿ ಬರೆದು ಕಳಿಸಿದರು. ಒಂದು ರೈಲು. 2018ರ ಸೆಪ್ಟೆಂಬರಿನಲ್ಲಷ್ಟೇ ಶುರುವಾದದ್ದು, ಅರ್ಧ ಗಂಟೆಯೊಳಗೆ ಜೆರುಸಲೇಮ್. ಆದರೆ ನಿಲ್ದಾಣ ಸುಮಾರು 80 ಮೀಟರ್ ನೆಲದಡಿಯಲ್ಲಿದೆ, ಅಲ್ಲಿಂದ ಮೇಲೆ ಬಂದು ಟ್ರಾಮ್ ಹಿಡಿಯಬೇಕು. ಎರಡನೆಯದು ಟ್ಯಾಕ್ಸಿ. ಅದರ ಬಾಡಿಗೆ ಕೇಳಿಯೇ ಅಮ್ಮ ಬೇಡ ಅಂದರು. ಮೂರನೆಯದು ಶೆರೂತ್. ಅರುವತ್ತು ಚಿಲ್ಲರೆ ಶೇಕೆಲ್, ನಮ್ಮ ಲೆಕ್ಕದಲ್ಲಿ ಆಗ ಸಾವಿರದ ಇನ್ನೂರಕ್ಕಿಂತ ಸ್ವಲ್ಪ ಹೆಚ್ಚು. ಟ್ಯಾಕ್ಸಿಯ ಕಾಲುಭಾಗದಷ್ಟು. ಎರಡು ಪೆಟ್ಟಿಗೆ, ಅಲ್ಲಿಯ ಸಿಮ್ ಇಲ್ಲದ ಫೋನು, ಗೊತ್ತಿಲ್ಲದ ಊರು. ಹಾಗಾಗಿ ಶೆರೂತ್ ಎಂದು ತೀರ್ಮಾನವಾಯಿತು.

ಎರಡು ಪೆಟ್ಟಿಗೆಗಳಲ್ಲಿ ಒಂದು ನನ್ನದಲ್ಲ, ಮಾವ್ಶಿಯದ್ದು. ಮಾವ್ಶಿ ಅಂದರೆ ಅಮ್ಮನ ತಂಗಿ. ಜೆರುಸಲೇಮಿನಲ್ಲಿ ಒಬ್ಬರು ವಯಸ್ಸಾದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ನಾವು ಹೋಮ್ ನರ್ಸ್ ಅನ್ನುವುದನ್ನು ಅಲ್ಲಿ ಕೇರ್‌ಗಿವರ್ ಅನ್ನುತ್ತಾರೆ. ನಮ್ಮ ಕಡೆಯಿಂದ, ಮಂಗಳೂರಿನಿಂದ, ಕೇರಳದ ಉದ್ದಕ್ಕೂ ಎಷ್ಟೋ ಮನೆಗಳಿಂದ ಆ ಕೆಲಸಕ್ಕೆ ಹೋದವರಿದ್ದಾರೆ. ಮಾವ್ಶಿ ಊರಿಗೆ ಬಂದು ನಾಲ್ಕು ವರ್ಷ ದಾಟಿತ್ತು. ಪೆಟ್ಟಿಗೆಯಲ್ಲಿ ಹಲಸಿನಕಾಯಿ ಹಪ್ಪಳ, ಮಿಡಿ ಉಪ್ಪಿನಕಾಯಿ, ಅಮ್ಮ ಹೊಲಿದ ಎರಡು ರವಿಕೆ ಇತ್ತು. ಅದರ ಜತೆಗೆ ಪೆಟ್ಟಿಗೆಯಲ್ಲಿ ಇಡಲಾಗದ ಒಂದು ಸುದ್ದಿಯೂ ಇತ್ತು. ಅಜ್ಜಿಗೆ, ಅಂದರೆ ಮಾವ್ಶಿಯ ಅಮ್ಮನಿಗೆ, ನೆನಪು ಹೋಗುತ್ತಿತ್ತು. ಮೂರು ನಾಲ್ಕು ತಿಂಗಳಿಂದ ನನ್ನನ್ನು ಮಾವ್ಶಿಯ ಹೆಸರಿನಿಂದ ಕರೆಯುತ್ತಿದ್ದರು. ಫೋನಿನಲ್ಲಿ ಮಾವ್ಶಿ ಮಾತಾಡಿದಾಗ "ಹೌದು, ಹೌದು" ಅಂದು ಇಟ್ಟುಬಿಡುತ್ತಿದ್ದರು. "ಇದನ್ನು ಫೋನಿನಲ್ಲಿ ಹೇಳುವುದು ಬೇಡ, ನೀನು ಎದುರು ಕೂತು ಹೇಳು" ಎಂದು ಅಮ್ಮ ನನಗೆ ಒಪ್ಪಿಸಿದ್ದರು.

ಯಾತ್ರೆಯ ಉಳಿದ ದಿನಗಳಲ್ಲಿ ನಾವು ಗಲಿಲೇಯದ ಕಡೆ ಹೋಗುವವರು. ಮಾವ್ಶಿಗೆ ಸಿಗುವುದು ಆ ಒಂದು ಸಂಜೆ. ಅವರು ನೋಡಿಕೊಳ್ಳುವ ಅಜ್ಜಿಯ ಮಗಳು ರಾತ್ರಿ ಒಂಬತ್ತರವರೆಗೆ ಮನೆಯಲ್ಲಿರಲು ಒಪ್ಪಿದ್ದರು. ಏಳು ಗಂಟೆಗೆ ಹೋಟೆಲಿನಲ್ಲಿ ಸಿಗುವುದು ಎಂದು ಮಾತಾಗಿತ್ತು.

ಬೆನ್ ಗುರಿಯನ್ ವಿಮಾನ ನಿಲ್ದಾಣ ಇರುವುದು ಲೋದ್ ಎಂಬ ಊರಿನ ಹತ್ತಿರ. ಬೈಬಲಿನ ಲುದ್ದ ಅದೇ. ಎಂಟು ವರ್ಷ ಹಾಸಿಗೆ ಹಿಡಿದಿದ್ದ ಐನೇಯನನ್ನು ಪೇತ್ರರು ಗುಣಪಡಿಸಿದ ಊರು ಎಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವಲ್ಲ, ಆ ಊರು. ನಾಲ್ಕು ಗಂಟೆಗೆ ಇಳಿದೆ. ಒಬ್ಬಳೇ ಬಂದದ್ದು ಏಕೆ, ತಂಡ ಎಲ್ಲಿ, ಎಷ್ಟು ದಿನ ಎಂದು ಪ್ರಶ್ನೆಗಳೆಲ್ಲ ಮುಗಿದು ಹೊರಗೆ ಬರುವಾಗ ಐದೂವರೆ. ಚಳಿಗಾಲದ ಕತ್ತಲೆ ಬಿದ್ದಿತ್ತು. ನಿಲ್ದಾಣದ ವೈಫೈಯಲ್ಲಿ "ಹೊರಗೆ ಬಂದೆ" ಎಂದು ಮಾವ್ಶಿಗೆ ಕಳಿಸಿದೆ.

ವ್ಯಾನಿನಲ್ಲಿ ಐವರಿದ್ದರು. ಇನ್ನೂ ಐವರು ಬರಬೇಕು. ಚಾಲಕ ಹೊರಗೆ ನಿಂತು ಊರಿನ ಹೆಸರು ಕೂಗುತ್ತಿದ್ದರು. ನಮ್ಮ ಪೇಟೆಯ ಜೀಪಿನವರು ಕೂಗುವ ಧಾಟಿಯೇ. ಇಪ್ಪತ್ತೈದು ನಿಮಿಷ ಕಾದೆವು. ದೊಡ್ಡ ಕಪ್ಪು ಟೊಪ್ಪಿಯ ಇಬ್ಬರು ಗಂಡಸರು, ಮಗುವನ್ನೆತ್ತಿಕೊಂಡ ಒಬ್ಬ ತಾಯಿ, ರಷ್ಯನ್ ಮಾತಾಡುವ ಗಂಡಹೆಂಡಿರು, ನನ್ನ ಪಕ್ಕದಲ್ಲಿ ಕಾಲೇಜಿನ ಒಬ್ಬ ಹುಡುಗಿ. ಎಲ್ಲರೂ ವಿಳಾಸ ಹೇಳಿದರು, ಚಾಲಕ ಒಂದು ಚೀಟಿಯಲ್ಲಿ ಬರೆದುಕೊಂಡರು. ನಾನು 'ಜಾಫ್ಫಾ ಗೇಟ್' ಅಂದೆ. ನಮ್ಮ ಹೋಟೆಲು ಹಳೆಯ ನಗರದ ಆ ಬಾಗಿಲಿನ ಹತ್ತಿರ. ಅವರು ಚೀಟಿಯ ಕೊನೆಯಲ್ಲಿ ಬರೆದರು. ಕೊನೆಯಲ್ಲಿ ಬರೆದದ್ದರ ಅರ್ಥ ನನಗೆ ಆಗಲೇ ಗೊತ್ತಾಯಿತು. ನಮ್ಮ ಮನೆಯೂ ಜೀಪಿನ ಕೊನೆಯ ತಿರುವಿನಲ್ಲೇ ಇರುವುದು.

ಜೆರುಸಲೇಮಿಗೆ ಸುಮಾರು 50 ಕಿಲೋಮೀಟರ್. ಅರ್ಧ ದಾರಿ ಬಯಲು, ಆಮೇಲೆ ಘಾಟಿ. ನಗರ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಘಾಟಿ ಶುರುವಾಗುವ ಮೊದಲು ಲತ್ರೂನ್ ಸಿಗುತ್ತದೆ. ಅಲ್ಲಿ ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠವಿದೆ, ಪಕ್ಕದಲ್ಲೇ ಹಳೆಯ ದೇವಾಲಯದ ಅವಶೇಷ. ಎಮ್ಮಾವು ಎಂದು ಹೇಳುವ ಊರುಗಳು ಮೂರ್ನಾಲ್ಕಿವೆ, ಬಹಳ ಹಿಂದಿನಿಂದ ಹೇಳುತ್ತಾ ಬಂದಿರುವುದು ಇದನ್ನು. ದಾರಿಯಲ್ಲಿ ಸಿಕ್ಕಿದ ಅಪರಿಚಿತನ ಜತೆ ಮಾತಾಡುತ್ತಾ ಆ ಇಬ್ಬರು ಶಿಷ್ಯರು ನಡೆದದ್ದು ಈ ಕಡೆಗೇ ಇರಬಹುದು. ನಮ್ಮ ವ್ಯಾನಿನಲ್ಲಿ ಮಾತ್ರ ಯಾರೂ ಮಾತಾಡುತ್ತಿರಲಿಲ್ಲ. ಮಗು ಒಂದೇ ಅಳುತ್ತಿತ್ತು.

ಏಳು ಗಂಟೆಗೆ ನಗರದ ಉತ್ತರದ ರಾಮೋತ್‌ನಲ್ಲಿ ಮೊದಲನೆಯವರು ಇಳಿದರು. ಆಮೇಲೆ ಪಶ್ಚಿಮದ ತುದಿಯ ಹರ್ ನೋಫ್. ಒಂದೊಂದು ಕಡೆಯೂ ಗಲ್ಲಿ ಹುಡುಕಿ, ಪೆಟ್ಟಿಗೆ ಇಳಿಸಿ, ಹಿಂದೆ ತಿರುಗಿಸಿ ಬರಬೇಕು. ಏಳೂವರೆಯಾಯಿತು. ಮಾವ್ಶಿ ಹೋಟೆಲಿನಲ್ಲಿ ಕಾಯುತ್ತಿರಬಹುದು, ಹೋಗಿ ಮುಟ್ಟುವಾಗ ಅವರು ಹಿಂದೆ ಹೊರಡುವ ಹೊತ್ತಾಗಬಹುದು ಎಂದು ಲೆಕ್ಕ ಹಾಕುತ್ತಾ ಕುಳಿತೆ. ಪಕ್ಕದ ಹುಡುಗಿ ನನ್ನ ಮುಖ ನೋಡಿರಬೇಕು. ಇಂಗ್ಲಿಷಿನಲ್ಲಿ ಕೇಳಿದಳು, ಹೇಳಿದೆ. ಏನೂ ಮಾತಾಡದೆ ತನ್ನ ಫೋನು ಕೊಟ್ಟಳು.

ಮಾವ್ಶಿ ಇನ್ನೂ ಹೊರಟೇ ಇರಲಿಲ್ಲ. ಅಜ್ಜಿಯ ಮಗಳು ಬರುವುದು ತಡವಾಗಿ, ಆಗಷ್ಟೇ ಬಾಗಿಲು ದಾಟಿದ್ದರಂತೆ. "ಈಗ ಎಲ್ಲಿದ್ದೀ?" ಅಂದರು. ನನಗೆ ಗೊತ್ತಿರಲಿಲ್ಲ. "ಡ್ರೈವರಿಗೆ ಕೊಡು" ಅಂದರು. ಹುಡುಗಿ ಫೋನನ್ನು ಸ್ಪೀಕರಿಗೆ ಹಾಕಿ ಮುಂದೆ ಹಿಡಿದಳು.

ಆಗ ನಾನು ಮೊದಲ ಸಲ ಮಾವ್ಶಿ ಹೀಬ್ರೂ ಮಾತಾಡುವುದನ್ನು ಕೇಳಿದೆ. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವರು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಅದರ ಮೇಲೆ ಈಗ ಇದು. ಜೋರಾಗಿ, ತಡೆಯಿಲ್ಲದೆ, ಮೀನಿನವನ ಹತ್ತಿರ ಚರ್ಚೆ ಮಾಡುವ ಹಾಗೆ. ಚಾಲಕ ಒಮ್ಮೆ ನಕ್ಕರು, ಒಮ್ಮೆ ಗದರಿದರು, ಕೊನೆಗೆ ಒಪ್ಪಿದ ದನಿಯಲ್ಲಿ ಏನೋ ಅಂದರು. ಹುಡುಗಿ ನನಗೆ ತಿಳಿಸಿದಳು: "ಮುಂದೆ ಕಿರ್ಯತ್ ಮೋಶೆಯ ಟ್ರಾಮ್ ನಿಲ್ದಾಣದಲ್ಲಿ ಅವರು ನಿಲ್ಲುತ್ತಾರೆ. ಸೀಟು ಖಾಲಿ ಉಂಟಲ್ಲ, ಹತ್ತಿಸಿಕೊಳ್ಳುತ್ತಾರಂತೆ."

ಹಾಗೆ ಮಾವ್ಶಿ ನಮ್ಮ ವ್ಯಾನು ಹತ್ತಿದರು. ಸ್ವೆಟರಿನ ಮೇಲೆ ಕೋಟು, ಮೊದಲಿಗಿಂತ ತೆಳ್ಳಗೆ. ಇಳಿದುಹೋದವರ ಜಾಗದಲ್ಲಿ ನನ್ನ ಪಕ್ಕ ಕೂತು ಕೈ ಹಿಡಿದುಕೊಂಡರು. ಎಂಟಕ್ಕೆ ಹತ್ತು ನಿಮಿಷವಿತ್ತು. ಇನ್ನು ಮೇಯಾ ಶೆಆರಿಮ್ ಕಡೆ ಇಬ್ಬರು, ದಕ್ಷಿಣದ ತಲ್ಪಿಯೋತ್‌ನಲ್ಲಿ ಇಬ್ಬರು, ಕೊನೆಗೆ ನಾನು. ಇಡೀ ನಗರ ಸುತ್ತಬೇಕು. ಆ ಸುತ್ತೇ ನಮಗೆ ಸಿಕ್ಕಿದ ಸಮಯ.

ಸುದ್ದಿ ಹೇಳಿದೆ. ಕೊಂಕಣಿಯಲ್ಲಿ ಹೇಳಿದ್ದರಿಂದ ಬೇರೆ ಯಾರಿಗೂ ಅರ್ಥವಾಗಲಿಲ್ಲ. ಮಾವ್ಶಿ ಅಳಲಿಲ್ಲ. ಸ್ವಲ್ಪ ಹೊತ್ತು ಕಿಟಕಿಯಿಂದ ಹೊರಗೆ ನೋಡಿದರು. ಆಮೇಲೆ ಒಂದೊಂದೇ ಕೇಳಿದರು.

"ಅಮ್ಮ ಊಟ ಮಾಡ್ತಾರಾ?"

"ಮಾಡ್ತಾರೆ. ಮಾಡಿದ್ದು ಮರೆತು ಪುನಃ ಕೇಳ್ತಾರೆ."

"ಸ್ನಾನ ಮಾಡಿಸುವುದು ಯಾರು? ರಾತ್ರಿ ಎದ್ದು ಹೊರಗೆ ಹೋಗ್ತಾರಾ? ಬಾವಿಗೆ ಕಟ್ಟೆ ಉಂಟಲ್ಲ?"

ಎಲ್ಲದಕ್ಕೂ ಉತ್ತರ ಹೇಳಿದೆ. ಮಾವ್ಶಿ ಇಲ್ಲಿ ನೋಡಿಕೊಳ್ಳುತ್ತಿದ್ದ ಅಜ್ಜಿಗೂ ಅದೇ ಕಾಯಿಲೆ ಎಂದು ನನಗೆ ಗೊತ್ತಾದದ್ದು ಆಗ. ಮೂರು ವರ್ಷದಿಂದ ಆ ಅಜ್ಜಿ ಇವರನ್ನು ತನ್ನ ಅಕ್ಕ ಎಂದು ತಿಳಿದಿದ್ದಾರಂತೆ.

"ತಿದ್ದಲಿಕ್ಕೆ ಹೋಗಬೇಡಿ" ಅಂದರು ಮಾವ್ಶಿ. "ಅದು ನಾನಲ್ಲ, ನಾನು ಇಂಥವಳು ಅಂತ ಹೇಳಿದರೆ ಅವರಿಗೆ ಹೆದರಿಕೆ ಆಗ್ತದೆ. ಅಮ್ಮ ನನ್ನ ಹೆಸರು ಕರೆದರೆ ನೀನು ಓ ಅನ್ನು, ಮಗಾ. ನನಗೆ ಬೇಜಾರಿಲ್ಲ."

ತಲ್ಪಿಯೋತ್ ದಾಟಿ ಹೆಬ್ರೋನ್ ರಸ್ತೆಯಲ್ಲಿ ಇಳಿದು ಬರುವಾಗ ಎದುರಿಗೆ ಹಳೆಯ ನಗರದ ಗೋಡೆ ದೀಪದ ಬೆಳಕಿನಲ್ಲಿ ಕಂಡಿತು. ವ್ಯಾನಿನಲ್ಲಿ ಉಳಿದದ್ದು ನಾವಿಬ್ಬರೇ. ಜಾಫ್ಫಾ ಗೇಟಿನ ಹತ್ತಿರ ಎಂಟೂಮುಕ್ಕಾಲಿಗೆ ಇಳಿದೆ. ಮಾವ್ಶಿ ಇಳಿಯಲಿಲ್ಲ. ಚಾಲಕ ವಿಮಾನ ನಿಲ್ದಾಣಕ್ಕೆ ಹಿಂದೆ ಹೋಗುವ ದಾರಿಯಲ್ಲೇ ಅವರ ಮನೆ, ಅಲ್ಲಿಗೇ ಬಿಡುತ್ತೇನೆ ಅಂದರು. ನನ್ನ ಪೆಟ್ಟಿಗೆ ಇಳಿಯಿತು, ಮಾವ್ಶಿಯ ಪೆಟ್ಟಿಗೆ ವ್ಯಾನಿನಲ್ಲೇ ಉಳಿಯಿತು. ಮಾವ್ಶಿ ಹಣ ತೆಗೆದಾಗ ಚಾಲಕ ಕೈ ಅಡ್ಡ ಮಾಡಿದರು.

ಆ ಚಾಲಕನ ಹೆಸರು ನಾನು ಕೇಳಲಿಲ್ಲ, ಆ ಹುಡುಗಿಯ ಹೆಸರೂ. ಟ್ಯಾಕ್ಸಿಯಲ್ಲಿ ಹೋಗಿದ್ದರೆ ಆರೂವರೆಗೆ ಹೋಟೆಲು ಮುಟ್ಟುತ್ತಿದ್ದೆ. ಮಾವ್ಶಿ ಹೊರಟದ್ದೇ ಏಳೂವರೆಗೆ. ಟ್ರಾಮಿನಲ್ಲಿ ಬಂದು, ಒಂಬತ್ತಕ್ಕೆ ಮನೆ ಸೇರಬೇಕೆಂದು ಗಡಿಯಾರ ನೋಡುತ್ತಾ ಕೂತು ಎದ್ದು ಹೋಗುತ್ತಿದ್ದರು. ಹತ್ತು ಜನರ ಗಾಡಿಯಲ್ಲಿ ನನ್ನ ಸಮಯ ನನ್ನದಾಗಿ ಉಳಿಯಲಿಲ್ಲ ನಿಜ. ಆದರೆ ಆ ಹತ್ತು ಜನರಲ್ಲಿ ಒಬ್ಬರ ಫೋನು, ಒಬ್ಬರ ಖಾಲಿ ಸೀಟು, ಚಾಲಕನ ಹಿಂದಿರುಗುವ ದಾರಿ ನನ್ನ ಪಾಲಿಗೆ ಬಂತು. ಸೇವೆ ಎಂಬ ಮಾತನ್ನು ಚರ್ಚಿನಲ್ಲಿ ಬಹಳ ಸಲ ಕೇಳುತ್ತೇವೆ. ಬಾಡಿಗೆ ಕೊಟ್ಟು ಹತ್ತಿದ ಗಾಡಿಗೂ ಅದೇ ಹೆಸರಿಟ್ಟವರು ಸುಮ್ಮನೆ ಇಟ್ಟದ್ದಲ್ಲ ಎಂದು ನನಗೆ ಅನಿಸಿತು.

ಊರಿಗೆ ಬಂದ ಮೇಲೆ ಅಜ್ಜಿ ಕರೆದಾಗಲೆಲ್ಲ ನಾನು ಓ ಅಂದೆ. 2021ರಲ್ಲಿ ಅವರು ತೀರಿಕೊಳ್ಳುವವರೆಗೂ ಹಾಗೆಯೇ ನಡೆಯಿತು. ವಿಮಾನಗಳು ಸರಿಯಾಗಿ ಓಡದ ಕಾಲ, ಮಾವ್ಶಿಗೆ ಬರಲಾಗಲಿಲ್ಲ. ಮಗಳು ಹತ್ತಿರವೇ ಇದ್ದಾಳೆ ಎಂಬ ನೆಮ್ಮದಿಯಲ್ಲಿ ಅಜ್ಜಿ ಹೋದರು.

ಕೆಲಸಕ್ಕೋ ಓದಿಗೋ ಯಾತ್ರೆಗೋ ಹೊರದೇಶಕ್ಕೆ ಹೋಗುವವರು ನಮ್ಮಲ್ಲಿ ಈಗ ಬಹಳ ಮಂದಿ. ವಿಮಾನ ನಿಲ್ದಾಣದಿಂದ ಇಂಥ ಹಂಚಿಕೆಯ ಗಾಡಿ ಹತ್ತುವವರಿಗೆ ನಾಲ್ಕು ಮಾತು ಹೇಳುತ್ತೇನೆ. ಹೋಟೆಲಿನ ವಿಳಾಸ ಮತ್ತು ಫೋನ್ ನಂಬರನ್ನು ಆ ಊರಿನ ಲಿಪಿಯಲ್ಲೂ ಕಾಗದದ ಮೇಲೆ ಬರೆಸಿಕೊಳ್ಳಿ. ಫೋನಿನ ಚಾರ್ಜು ಮುಗಿದರೂ ಕಾಗದ ಇರುತ್ತದೆ. ಹತ್ತುವ ಮೊದಲು ಬಾಡಿಗೆ ಎಷ್ಟು, ನಿಮ್ಮನ್ನು ಎಷ್ಟನೆಯವರಾಗಿ ಇಳಿಸುತ್ತಾರೆ, ಬಾಗಿಲಿನವರೆಗೆ ಬಿಡುತ್ತಾರೋ ಹತ್ತಿರದ ರಸ್ತೆಯಲ್ಲಿ ಇಳಿಸುತ್ತಾರೋ ಕೇಳಿ. ಹಳೆಯ ನಗರಗಳ ಒಳಗೆ ಗಾಡಿ ಹೋಗುವುದಿಲ್ಲ. ಇಸ್ರೇಲಿಗೆ ಹೋಗುವುದಾದರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಸಬ್ಬತ್ತು ಎಂಬುದು ನೆನಪಿರಲಿ. ಆಗ ರೈಲು ಇಲ್ಲ, ಹೆಚ್ಚಿನ ಬಸ್ಸುಗಳೂ ಇಲ್ಲ. ಯಾರನ್ನಾದರೂ ಭೇಟಿಯಾಗಲು ಹೊತ್ತು ಹೇಳುವಾಗ ಒಂದೆರಡು ಗಂಟೆ ಕೈಯಲ್ಲಿಟ್ಟು ಹೇಳಿ. ಮತ್ತೆ, ಪಕ್ಕದಲ್ಲಿ ಕೂತವರು ಯಾರಾದರೂ ಗಡಿಯಾರ ನೋಡುತ್ತಾ ಚಡಪಡಿಸುತ್ತಿದ್ದರೆ ಏನಾಯಿತೆಂದು ಒಮ್ಮೆ ಕೇಳಿ.