ರಾಯಾಪುರದಿಂದ ಅಕ್ಕನಿಗೆ

ರಾಯಾಪುರ,
ಭಾನುವಾರ ರಾತ್ರಿ

ಅಕ್ಕಾ, ಅವ್ವನ ಮೊಣಕಾಲು ನೋವು ಹೇಗಿದೆ, ಬರೆ.

ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿ ಬಂದೆ. ಹುಬ್ಬಳ್ಳಿ-ಧಾರವಾಡದ ನಡುವೆ 22 ಕಿಲೋಮೀಟರ್ ಅದಕ್ಕಂತಲೇ ಬೇರೆ ದಾರಿ ಮಾಡಿದ್ದಾರೆ. ಲಾರಿ, ಟಂಟಂ ಯಾವುದೂ ಅಡ್ಡ ಬರುವುದಿಲ್ಲ. ಉಣಕಲ್, ನವನಗರ ದಾಟಿದರೆ ರಾಯಾಪುರ. ಇಸ್ಕಾನ್ ಗುಡಿ ಇಲ್ಲೇ ಇದೆ, ಸಾಲಿ ಹುಡುಗರಿಗೆ ಬಿಸಿಯೂಟ ಕಳಿಸುವ ಅಕ್ಷಯ ಪಾತ್ರದ ದೊಡ್ಡ ಅಡಿಗೆಮನೆಯೂ ಇಲ್ಲೇ. ಕುಡಿತ ಬಿಡಿಸುವ ಶಿಬಿರದಲ್ಲಿ ನನ್ನ ಪಕ್ಕ ಮಲಗುತ್ತಿದ್ದ ಗೆಳೆಯನ ಮನೆಯಲ್ಲಿ ಇಳಿದಿದ್ದೇನೆ. ನಾಳೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿಕೊಳ್ಳಬೇಕು. 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಅದು. ಸಣ್ಣವರಿದ್ದಾಗ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂತ ಬೈಯುತ್ತಿದ್ದರಲ್ಲ, ಅದೇ. ಈಗ ನಾನೇ ಚೀಟಿ ಮಾಡಿಸಿ ಪಾಳಿಯಲ್ಲಿ ಕೂಡುತ್ತೇನೆ.

ಒಂದು ಮಾತು ನಿನಗೆ ತಿಳಿದಿರಲಿ. ಕುಡಿತ ಬಿಟ್ಟ ಮೊದಲ ಎರಡು-ಮೂರು ದಿನವೇ ಅಪಾಯದ ದಿನ. ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಬಹಳ ಕುಡಿದವನು ಡಾಕ್ಟರರನ್ನು ಕೇಳದೆ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಎರವು. ಅಪ್ಪ ಪ್ರತಿ ಶ್ರಾವಣದಲ್ಲಿ ಬಿಟ್ಟು, ನಡುಗಿ, ಮತ್ತೆ ಹಿಡಿಯುತ್ತಿದ್ದುದಕ್ಕೆ ಇದೇ ಕಾರಣ ಇರಬೇಕು. ನಾವು ಅದನ್ನು ನಾಟಕ ಅಂದೆವು. 2007ರ ಜುಲೈ 1ಕ್ಕೆ ಸರಾಯಿ ಪಾಕೀಟು ಬಂದ್ ಆದಾಗ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಪಾಕೀಟು ಹೋಯಿತು, ನನ್ನ ಕಾಲಕ್ಕೆ ನೈಂಟಿ ಬಂತು.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಆಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೆಲ್ಲ ಕೂಡುತ್ತೇವೆ. ಶಿಬಿರ ಮುಗಿಯುವ ದಿನ ಮನೆಮಂದಿ ಬಂದಿದ್ದರು, ನಾವು ಸಾಲಾಗಿ ಅವರ ಕಾಲಿಗೆ ಬಿದ್ದೆವು, ನೀನೂ ಅತ್ತೆ. ಆ ಅಳು ಸುಳ್ಳಲ್ಲ. ಆದರೆ ಊರ ಮಂದಿ ಎದುರು ಗಂಡನೋ ತಮ್ಮನೋ ಕಾಲು ಹಿಡಿದರೆ ಹೆಣ್ಣುಮಕ್ಕಳು ಒಲ್ಲೆ ಅನ್ನುವುದಾದರೂ ಹೇಗೆ? ಅವ್ವ ಆವತ್ತು ಬರಲಿಲ್ಲ ಅಂತ ನನಗೆ ಸಿಟ್ಟಿತ್ತು. ಈಗ ಅವಳು ಮಾಡಿದ್ದೇ ಸರಿ ಅನ್ನಿಸುತ್ತದೆ.

ಈ ಗೆಳೆಯನ ಹೆಂಡತಿಯ ಮಾತು ಕೇಳು. ಶಿಬಿರದಿಂದ ಬಂದವನು ಮನೆಯಲ್ಲೂ ಕಾಲಿಗೆ ಬೀಳಲು ಹೋದನಂತೆ. ರೊಟ್ಟಿ ಬಡಿಯುತ್ತಿದ್ದ ಆಕೆ ಕಾಲು ಹಿಂದೆ ಸರಿಸಿ, ‘ಕಾಲ್ ಬಿಡ್ರಿ. ರೇಷನ್ ಕಾರ್ಡ್ ಯಾವ ಅಂಗಡ್ಯಾಗ ಒತ್ತಿ ಇಟ್ಟೀರಿ, ಅದನ್ನ ಮೊದಲ ಬಿಡಿಸಿಕೊಂಡ ಬರ್ರಿ’ ಅಂದಳಂತೆ. ಇವತ್ತು ಮಧ್ಯಾಹ್ನ ಅವನು ಅದನ್ನು ತಂದು ಕೊಟ್ಟಾಗ ನಾನಿದ್ದೆ. ಆಕೆ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಕಾರ್ಡು ತೆರೆದಳು. ಮಕ್ಕಳ ಹೆಸರಿನ ಮೇಲೆ ಬೆರಳಾಡಿಸಿ ಎಲ್ಲ ಇವೆಯೋ ಇಲ್ಲವೋ ನೋಡಿ, ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಕೀಲಿಕೈ ಆಕೆಯ ಹತ್ತಿರವೇ. ಕ್ಷಮೆಯ ಮಾತು ಬರಲೇ ಇಲ್ಲ, ಅವನೂ ಕೇಳಲಿಲ್ಲ.

ಇದನ್ನು ನೋಡಿ ಇನ್ನೊಂದು ನೆನಪಾಯಿತು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಡಾಕ್ಟರ್, ಒಬ್ಬ ಷೇರು ದಲ್ಲಾಳಿ, ಇಬ್ಬರೂ ಕುಡುಕರೇ, ಸೇರಿ ಆಲ್ಕೋಹಾಲಿಕ್ಸ್ ಅನಾನಿಮಸ್ ಕಟ್ಟಿದರು. ಅವರ ಹನ್ನೆರಡು ಮೆಟ್ಟಿಲಲ್ಲಿ ಎಂಟನೆಯದು, ಯಾರಿಗೆಲ್ಲ ಕೇಡು ಮಾಡಿದೆ ಅಂತ ಪಟ್ಟಿ ಬರೆಯುವುದು. ಒಂಬತ್ತನೆಯದು, ಅದನ್ನು ಸರಿಮಾಡುವುದು. ಅದರಿಂದ ಕೇಡಾದವರಿಗೆ ಮತ್ತೆ ನೋವಾಗುವಂತಿದ್ದರೆ ಬಿಡುವುದು. ಕ್ಷಮೆ ಸಿಕ್ಕೇ ಸಿಗಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ನನ್ನ ಪಟ್ಟಿಯಲ್ಲಿ ಮೊದಲನೆಯದು ನಾನು ಒತ್ತಿ ಇಟ್ಟ ಅವ್ವನ ಬೋರಮಾಳ ಸರ. ಬಡ್ಡಿ ತುಂಬಿದ ಪಾವತಿ ಇದರ ಜೋಡಿ ಇಟ್ಟಿದ್ದೇನೆ, ಅಸಲು ಇನ್ನೂ ಉಳಿದಿದೆ. ಬಿಡಿಸುವ ದಿನ ನೀನೂ ಬಾ, ಸರ ನಿನ್ನ ಕೈಗೇ ಬರಲಿ. ಈ ಪತ್ರ ಅವ್ವನಿಗೆ ಓದಿ ಹೇಳು, ಆದರೆ ನನ್ನ ಪರವಾಗಿ ವಕೀಲಿ ಮಾಡಬೇಡ.

ನಾಗರ ಪಂಚಮಿ ಹತ್ತಿರ ಬಂತು. ನಿಮ್ಮಿಬ್ಬರನ್ನೂ ಊರಿಗೆ ಕರೆಯಲು ನಾನು ಬರಲೋ, ಕಾಕಾನನ್ನು ಕಳಿಸಲೋ, ಅವ್ವನನ್ನೇ ಕೇಳಿ ಬರೆ. ಬೇಡ ಅಂದರೂ ಬರೆ.

ಇಂತಿ ನಿನ್ನ ತಮ್ಮ