ಪ್ಲಗ್ ಪಾಯಿಂಟ್ ಎಷ್ಟಿವೆ ಸ್ವಾಮಿ?

ಬೆಂಗಳೂರಿನಲ್ಲಿ ತಾಂತ್ರಿಕ ಸಮ್ಮೇಳನದ ದಿನಾಂಕ ಗೊತ್ತುಮಾಡುವುದು ಸಂಘಟಕರಲ್ಲ, ಪಂಚಾಂಗ. ಮುಹೂರ್ತವಿರುವ ಶನಿವಾರ, ಭಾನುವಾರ ದೊಡ್ಡ ಸಭಾಂಗಣಗಳೆಲ್ಲ ಮದುವೆಗೆ ಮೀಸಲು. ಬಾಡಿಗೆ ಕೇಳಿದರೆ ಮ್ಯಾನೇಜರು, “ಆಷಾಢದಲ್ಲಿ ಇಟ್ಕೊಳ್ಳಿ ಸಾರ್, ಕಮ್ಮಿ ಮಾಡ್ಕೊಡೋಣ” ಅನ್ನುತ್ತಾರೆ. ಕೃತಕ ಬುದ್ಧಿಮತ್ತೆಯ ಬಗ್ಗೆ ಭಾಷಣ ಮಾಡುವವರು ಆಷಾಢ ಕಾಯುವುದರಲ್ಲಿ ನನಗಂತೂ ನಾಚಿಕೆಯಿಲ್ಲ. ದುಡ್ಡು ಉಳಿಯುತ್ತದೆ.

ನಮ್ಮದು ಸ್ವಯಂಸೇವಕರ ಗುಂಪು. ಜಾಗ ನೋಡುವ ಕೆಲಸ ಪ್ರತಿವರ್ಷ ಹೇಗೋ ನನ್ನ ಕೊರಳಿಗೇ ಬೀಳುತ್ತದೆ. ಮ್ಯಾನೇಜರು ತೂಗುದೀಪ ತೋರಿಸುತ್ತಾರೆ, ವರನ ಕೋಣೆಯ ಏಸಿ ಹಾಕಿ ತೋರಿಸುತ್ತಾರೆ. ನಾನು ಕೇಳುವುದು, ಪ್ಲಗ್ ಪಾಯಿಂಟ್ ಎಷ್ಟಿವೆ ಸ್ವಾಮಿ? “ಡೀಜೆಗೆ ಎರಡು ಸಾಕಲ್ವಾ?” ಎಂದರು ಒಬ್ಬರು. ಆಮೇಲೆ ಮಂಡಿಯೂರಿ ಗೋಡೆಯ ಬುಡ ಹುಡುಕುವುದು ನನ್ನ ಪಾಡು. ಅರ್ಧ ಸಾಕೆಟ್ಟುಗಳ ತೂತಿಗೆ ಸುಣ್ಣಬಣ್ಣ ಮೆತ್ತಿರುತ್ತದೆ. ಉಳಿದವಕ್ಕೆ ಜೇಬಿನ ಚಾರ್ಜರ್ ಚುಚ್ಚಿದರೆ ಜೋತುಬೀಳುತ್ತದೆ. ಬಳಿಕ ಕಡೆಯ ಸಾಲಿನ ಕುರ್ಚಿ. ಅಲ್ಲಿಂದ ಪರದೆಯ ಮೇಲಿನ ಕೋಡ್ ಓದಲು ಬರಬೇಕು. ನಡುವೆ ಕಂಬ ಬಂದರೆ ಆ ಜಾಗಕ್ಕೆ ಅಲ್ಲಿಗೇ ನಮಸ್ಕಾರ. “ಹೈಸ್ಪೀಡ್ ವೈಫೈ” ಅನ್ನುವುದು ಸಾಮಾನ್ಯವಾಗಿ ಕಚೇರಿಯ ಮೂಲೆಯಲ್ಲಿ ಮಿಣುಕುವ ಒಂಟಿ ರೂಟರ್. ನೂರಾರು ಮಂದಿ ಲ್ಯಾಪ್‌ಟಾಪು, ಫೋನು ಎರಡನ್ನೂ ಹಚ್ಚಿದರೆ ಸ್ವಾಗತ ಭಾಷಣ ಮುಗಿಯುವುದರೊಳಗೆ ಅದು ಮಲಗಿಬಿಡುತ್ತದೆ.

ಪಂಚತಾರಾ ಹೋಟೆಲಿನಲ್ಲಿ ಈ ರಗಳೆ ಕಡಿಮೆ. ಆದರೆ ಊಟದ ಲೆಕ್ಕ ತಲೆಗಿಷ್ಟು, ಹೊರಗಿನ ಕಾಫಿ ಒಳಗೆ ಬರುವಂತಿಲ್ಲ. ಟಿಕೆಟ್ ಬೆಲೆ ಏರುತ್ತದೆ. ಕಂಪನಿ ದುಡ್ಡು ಕಟ್ಟುವವರು ಬರುತ್ತಾರೆ, ಹಾಸನದ ಇಂಜಿನಿಯರಿಂಗ್ ಹುಡುಗಿ ಬರುವುದಿಲ್ಲ. ನನ್ನ ತಕರಾರು ಇಷ್ಟೇ: ಜಾಗ ಆರಿಸುವಾಗಲೇ ಯಾರು ಬರಬೇಕು, ಯಾರು ಬರಬಾರದು ಎಂದು ತೀರ್ಮಾನಿಸಿ ಆಗಿರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಇದಕ್ಕೊಂದು ದಾರಿಯೆಂದರೆ ವಿದ್ಯಾಸಂಸ್ಥೆಗಳ ಆವರಣ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯವರ ಸಮ್ಮೇಳನ ಪೈಕಾನ್ ಇಂಡಿಯಾ 2009ರಲ್ಲಿ ಶುರುವಾದದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. 2013ರಲ್ಲಿ ಅದು ಹೊಸೂರು ರಸ್ತೆಯ ನಿಮ್ಹಾನ್ಸ್ ಸಭಾಂಗಣದಲ್ಲಿ ನಡೆಯಿತು. (ಪ್ರೋಗ್ರಾಮರುಗಳು ನಿಮ್ಹಾನ್ಸ್‌ನಲ್ಲಿ ಸೇರುವ ಬಗ್ಗೆ ಹೊಸಬರು ಒಂದು ಜೋಕು ಹೊಡೆಯುತ್ತಾರೆ; ಹಳಬರು ನಗುವುದನ್ನು ಬಿಟ್ಟು ಬಹಳ ಕಾಲವಾಯಿತು.) ಬ್ರಸೆಲ್ಸ್‌ನ ಮುಕ್ತ ತಂತ್ರಾಂಶ ಸಮ್ಮೇಳನ ಫಾಸ್ಡೆಮ್ ಇನ್ನೂ ಒಂದು ಹೆಜ್ಜೆ ಮುಂದೆ. ವಿಶ್ವವಿದ್ಯಾಲಯವೊಂದರ ತರಗತಿಗಳಲ್ಲೇ ನಡೆಯುತ್ತದೆ, ಟಿಕೆಟ್ಟಿಲ್ಲ, ನೋಂದಣಿಯೂ ಇಲ್ಲ, ಆದರೂ ಸಾವಿರಾರು ಜನ. ಕಾಲೇಜಿನಲ್ಲಿ ಉದ್ದನೆಯ ಮೊಗಸಾಲೆ ಇರುತ್ತದೆ, ಕೂರಲು ಮೆಟ್ಟಿಲಿರುತ್ತದೆ. ಭಾಷಣ ಮುಗಿದ ಮೇಲಿನ ನಿಜವಾದ ಮಾತುಕತೆ ನಡೆಯುವುದು ಅಲ್ಲೇ.

ಇನ್ನು ದೂರ. ಬೆಂಗಳೂರಿನಲ್ಲಿ ಅದನ್ನು ಕಿಲೋಮೀಟರಿನಲ್ಲಿ ಅಳೆದು ಪ್ರಯೋಜನವಿಲ್ಲ, ಮೆಟ್ರೊ ಇದೆಯೇ ಎಂದು ಕೇಳಬೇಕು. ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರ ನಮಗೆಲ್ಲ ಪರಸ್ಥಳವಾಗಿತ್ತು. 2024ರ ನವೆಂಬರಿನಲ್ಲಿ ಮೆಟ್ರೊ ಅಲ್ಲಿಗೆ ಹೋಯಿತು. ಅರಮನೆ ಆವರಣದಲ್ಲಿ ನಡೆಯುತ್ತಿದ್ದ ಬೆಂಗಳೂರು ಟೆಕ್ ಸಮಿಟ್ 2025ರಲ್ಲಿ ಅಲ್ಲಿಗೇ ಹೋಯಿತು.

ಅಷ್ಟಕ್ಕೂ ಎಲ್ಲವೂ ಬೆಂಗಳೂರಿನಲ್ಲೇ ಏಕೆ? ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಬಳಗದ ಸಮ್ಮೇಳನ ಡೆಬ್‌ಕಾನ್ ವರ್ಷಕ್ಕೊಂದು ಊರಿಗೆ ಹೋಗುತ್ತದೆ. 2023ರಲ್ಲಿ ಕೊಚ್ಚಿಗೆ ಬಂದಿತ್ತು. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಸಾಹಿತ್ಯ ಸಮ್ಮೇಳನವೇ 2023ರಲ್ಲಿ ಹಾವೇರಿಗೆ, 2024ರಲ್ಲಿ ಮಂಡ್ಯಕ್ಕೆ ಹೋಗಿಬಂತು. ಕವಿಗಳಿಗೆ ಆಗುವುದು ಕಂಪ್ಯೂಟರಿನವರಿಗೆ ಆಗದೇ? ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ನಿಮ್ಮ ಕಾಲೇಜಿಗೆ ಒಂದು ಒಳ್ಳೆಯ ಸಭಾಂಗಣವಿದ್ದು, ಭಾನುವಾರವೂ ಬೀಗ ತೆಗೆಸಲು ಪ್ರಾಂಶುಪಾಲರು ಒಪ್ಪುವುದಾದರೆ ದಯವಿಟ್ಟು ತಿಳಿಸಿ, ನೋಡಲು ಬರುತ್ತೇವೆ.