ಆನಂದ್ ಹುಡುಗಿ ಅತ್ತೆಯಾದ ದಿನಗಳು

ಜೀ ಕನ್ನಡದಲ್ಲಿ 2022ರ ಅಕ್ಟೋಬರ್ ಕೊನೆಯಲ್ಲಿ ‘ಶ್ರೀರಸ್ತು ಶುಭಮಸ್ತು’ ಶುರುವಾಗುವ ಹೊತ್ತಿಗೆ ನಮ್ಮ ಹಾಸ್ಟೆಲ್ ಗೆಳತಿಯರ ವಾಟ್ಸಾಪ್ ಗುಂಪು ಹೆಚ್ಚುಕಡಿಮೆ ಸತ್ತೇಹೋಗಿತ್ತು. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ, ನಡುವೆ ಏಕಾದಶಿ, ಸಂಕಷ್ಟಿ, ಯಾರದೋ ಮೊಮ್ಮಗುವಿನ ನಾಮಕರಣದ ಫೋಟೊ. ಅದಕ್ಕೆ ಜೀವ ಬಂದದ್ದು ಹುಣಸೂರು ಹಾಕಿದ ಒಂದು ಸಾಲಿನಿಂದ: ‘ನಮ್ಮ ಆನಂದ್ ಹುಡುಗಿ ಅತ್ತೆ ಆಗ್ತಿದಾಳೆ ಕಣ್ರೇ, ನೋಡಿದ್ರಾ?’

ಹುಣಸೂರು ಅಂದರೆ ಊರಲ್ಲ, ಅಲ್ಲಿಂದ ಬಂದವಳು. ಮೈಸೂರಿನ ಆ ಹಾಸ್ಟೆಲ್ಲಿನಲ್ಲಿ ನಮಗೆಲ್ಲ ಊರಿನದೇ ಹೆಸರು. ಕೊಳ್ಳೇಗಾಲ, ಕಡೂರು, ಅರಸೀಕೆರೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ. ಇವತ್ತಿಗೂ ಕೊಳ್ಳೇಗಾಲದ ಫೋನು ಬಂದರೆ ನನ್ನ ಮೊಬೈಲಿನ ಪರದೆಯ ಮೇಲೆ ಕಾಣುವುದು ‘ಕೊಳ್ಳೇಗಾಲ’ ಅಂತಲೇ. ಆ ಊರಿನ ಯಾವುದೋ ರೇಷ್ಮೆ ಅಂಗಡಿಯವರು ಮಾಡುತ್ತಿದ್ದಾರೆ ಎಂದುಕೊಂಡು ನಮ್ಮ ಮನೆಯವರು ಒಂದೆರಡು ಸಲ ಕಟ್ ಮಾಡಿದ್ದೂ ಉಂಟು.

‘ಆನಂದ್’ ಬಂದದ್ದು 1986ರಲ್ಲಿ. ಸಿಂಗೀತಂ ಶ್ರೀನಿವಾಸ ರಾವ್ ಅವರ ನಿರ್ದೇಶನ, ಶಿವರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, ಸುಧಾರಾಣಿ ನಾಯಕಿಯಾದ ಮೊದಲ ಚಿತ್ರವೂ ಅದೇ. ಅಣ್ಣಾವ್ರ ಮಗ ಹೇಗಿದ್ದಾನೆ ನೋಡೋಣ ಎಂದು ಊರಿಗೆ ಊರೇ ಥಿಯೇಟರಿಗೆ ನುಗ್ಗಿತ್ತು. ನಾವು ಹೋದದ್ದು ಮ್ಯಾಟಿನಿಗೆ. ಸಂಜೆ ಆರಕ್ಕೆ ಗೇಟು ಹಾಕುತ್ತಿದ್ದರು, ಹಾಗಾಗಿ ಫಸ್ಟ್ ಶೋ ಎಂಬುದು ನಮ್ಮ ಪಾಲಿಗೆ ಇರಲೇ ಇಲ್ಲ. ಹೆಂಗಸರ ಕ್ಯೂ ಬೇರೆ ಇರುತ್ತಿದ್ದುದೇ ಪುಣ್ಯ. ಅರಸೀಕೆರೆ ಗಟ್ಟಿಗಿತ್ತಿ, ಬೇಲಿ ಹಾಕಿದ ಆ ಕಿರಿದಾದ ಓಣಿಯಲ್ಲಿ ಮೊಣಕೈ ಆಡಿಸುತ್ತ ಮುಂದಕ್ಕೆ ಹೋಗಿ ನಮಗೆಲ್ಲ ಟಿಕೆಟ್ ತರುತ್ತಿದ್ದಳು. ಸಿನಿಮಾ ಮುಗಿದ ಮೇಲೆ ದೊಡ್ಡ ಗಡಿಯಾರದ ಕಡೆಯಿಂದ ಓಡೋಡುತ್ತ ವಾಪಸ್ಸು.

ಶಿವಣ್ಣ ಕುಣಿದದ್ದನ್ನು ಹುಡುಗರು ನೋಡಿಕೊಂಡರು. ನಾವು ನೋಡಿದ್ದು ಸುಧಾರಾಣಿಯನ್ನು. ರೂಮಿಗೆ ಬಂದ ಮೇಲೆ ಒಂದೇ ಕನ್ನಡಿಯ ಮುಂದೆ ಸರತಿ, ಅವಳ ಹಾಗೆ ನಗುವುದಕ್ಕೆ, ಅವಳ ಹಾಗೆ ಕೂದಲು ಹಿಂದಕ್ಕೆ ಎಸೆಯುವುದಕ್ಕೆ. ಅವಳು ನಮಗಿಂತಲೂ ಚಿಕ್ಕವಳು, ಇನ್ನೂ ಸ್ಕೂಲಿಗೆ ಹೋಗುವ ವಯಸ್ಸಿನವಳು ಎಂಬುದು ಎಷ್ಟೋ ದಿನದ ಮೇಲೆ ಯಾವುದೋ ಪತ್ರಿಕೆಯಿಂದ ತಿಳಿಯಿತು. ಕಡೂರಿಗೆ ಅವಮಾನವಾದಷ್ಟು ಬೇಸರವಾಗಿತ್ತು. ಮರುವರ್ಷ ‘ಮನಮೆಚ್ಚಿದ ಹುಡುಗಿ’. ಕುಂ. ವೀರಭದ್ರಪ್ಪನವರ ಕಥೆಯಿಂದ ಹುಟ್ಟಿದ ಸಿನಿಮಾ ಅದು. ಶಿವರಾಜ್‌ಕುಮಾರ್ ‘ಹ್ಯಾಟ್ರಿಕ್ ಹೀರೋ’ ಆದದ್ದು ಅದರಿಂದಲೇ. ಅದನ್ನೂ ಒಟ್ಟಿಗೇ ನೋಡಿದೆವು.

ಆಮೇಲೆ ಒಟ್ಟಿಗೆ ನೋಡುವುದು ನಿಂತಿತು. 1992ರಲ್ಲಿ ನಾಗಾಭರಣರ ‘ಮೈಸೂರು ಮಲ್ಲಿಗೆ’ ಬಂದಾಗ ಒಬ್ಬಳು ಬಾಣಂತಿ, ಒಬ್ಬಳು ಕಾರವಾರಕ್ಕೆ ವರ್ಗವಾದ ಗಂಡನ ಹಿಂದೆ ಹೋಗಿದ್ದಳು, ನಾನು ಅತ್ತೆಯವರ ಜೊತೆ ಕೂತು ನೋಡಿದೆ. ಅತ್ತೆ ಪಕ್ಕದಲ್ಲಿದ್ದರೆ ಕೆ.ಎಸ್.ನ. ಅವರ ಹಾಡಿಗೆ ಕಣ್ಣು ಒರೆಸಿಕೊಳ್ಳಲೂ ಸಂಕೋಚ. ಆ ಹಾಡುಗಳಿಗಾಗಿ ಕವಿಗೆ ರಾಷ್ಟ್ರಪ್ರಶಸ್ತಿ ಬಂತು. ಸುಧಾರಾಣಿಯ ಪದ್ಮಳಂತೂ ಬಹಳ ದಿನ ನನ್ನೊಳಗೇ ಇದ್ದಳು. ಯಾರಿಗೆ ಹೇಳುವುದು? ಇನ್‌ಲ್ಯಾಂಡ್ ಲೆಟರಿನಲ್ಲಿ ಅದಕ್ಕೆಲ್ಲ ಜಾಗ ಇರುತ್ತಿರಲಿಲ್ಲ, ಮಗುವಿನ ಹಲ್ಲು, ಓರಗಿತ್ತಿಯ ಕಾಟ ಇಷ್ಟಕ್ಕೇ ಮೂರು ಮಡಿಕೆ ತುಂಬಿಬಿಡುತ್ತಿತ್ತು.

ಹೀಗಾಗಿ ಹುಣಸೂರಿನ ಆ ಸಾಲು ಬಂದಾಗ ನಮ್ಮ ನಮ್ಮ ಮನೆಗಳ ಸ್ಥಿತಿ ಹೇಗಿತ್ತೆಂದರೆ, ಐದು ಲೀಟರಿನ ಕುಕ್ಕರ್ ಎಲ್ಲರ ಮನೆಯಲ್ಲೂ ಅಟ್ಟ ಸೇರಿತ್ತು. ಮಕ್ಕಳು ಬೆಂಗಳೂರು, ಪುಣೆ, ಡಬ್ಲಿನ್, ನ್ಯೂಜೆರ್ಸಿ. ಎರಡು ಲೋಟ ಅಕ್ಕಿ ಇಟ್ಟು ಅಭ್ಯಾಸವಾದ ಕೈ ಮುಕ್ಕಾಲು ಲೋಟಕ್ಕೆ ಇಳಿದಿತ್ತು. ದೋಸೆ ಹಿಟ್ಟು ರುಬ್ಬಿದರೆ ನಾಲ್ಕು ದಿನವಾದರೂ ಮುಗಿಯದೆ ಹುಳಿ ಬರುತ್ತಿತ್ತು. ಇದನ್ನು ದುಃಖ ಅನ್ನುವಂತೆಯೂ ಇಲ್ಲ; ಮಕ್ಕಳು ದೂರ ಹೋಗಲಿ ಎಂದೇ ತಾನೆ ಟ್ಯೂಷನ್ನಿಗೆ ಕಳಿಸಿದ್ದು! ಆದರೆ ಸಂಜೆ ಏಳರಿಂದ ಹತ್ತರವರೆಗಿನ ಹೊತ್ತು ಇದೆಯಲ್ಲ, ಅದನ್ನೇನು ಮಾಡುವುದೆಂದು ಯಾರೂ ಕಲಿಸಿರಲಿಲ್ಲ.

ಆ ಹೊತ್ತಿನೊಳಕ್ಕೆ ‘ಶ್ರೀರಸ್ತು ಶುಭಮಸ್ತು’ವಿನ ತುಳಸಿಯಾಗಿ ಸುಧಾರಾಣಿ ಬಂದಳು. ಗಂಡನನ್ನು ಕಳೆದುಕೊಂಡವಳು, ಮಗ ಸಮರ್ಥನನ್ನು ಬೆಳೆಸಿ ದಡ ಮುಟ್ಟಿಸಿದವಳು. ಮಾವನ ಮನೆಯಲ್ಲೇ ಉಳಿದು, ಎಲ್ಲರಿಗೂ ಬಡಿಸಿ, ತಾನು ಅಡುಗೆಮನೆಯ ಮೂಲೆಯಲ್ಲಿ ಕೂರುವವಳು. ಹೊಸ ಸೊಸೆ ಸಿರಿಯ ಕಣ್ಣಿಗೆ ಮೊದಲು ಬೀಳುವುದು ಇದೇ: ಈ ಅತ್ತೆಗೆ ಏನು ಇಷ್ಟ ಎಂದು ಈ ಮನೆಯಲ್ಲಿ ಯಾರೂ ಕೇಳಿದಂತಿಲ್ಲ. ಅಷ್ಟರಲ್ಲಿ ಹೆಂಡತಿಯನ್ನು ಕಳೆದುಕೊಂಡ ಮಾಧವ. ಅಜಿತ್ ಹಂದೆ ಆ ಪಾತ್ರ ಮಾಡಿದರು. ನರೆತ ಗಡ್ಡ, ಮೆಲುದನಿ. ಅವರ ದನಿಯ ಬಗ್ಗೆ ನಮ್ಮ ಗುಂಪಿನಲ್ಲಿ ನಡೆದ ಚರ್ಚೆಯನ್ನು ಇಲ್ಲಿ ಬರೆಯುವಂತಿಲ್ಲ, ಅರಸೀಕೆರೆಗೆ ಈಗ ಮೊಮ್ಮಕ್ಕಳಿದ್ದಾರೆ.

ಕನ್ನಡದ ತೆರೆಯ ಮೇಲೆ ನಮ್ಮ ವಯಸ್ಸಿನ ಹೆಂಗಸಿಗೆ ಇದ್ದ ಜಾಗ ಯಾವುದು, ನೆನಪು ಮಾಡಿಕೊಳ್ಳಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರ ಎದುರು ನಾಯಕಿಯಾಗಿದ್ದ ಪಂಡರೀಬಾಯಿ ಮುಂದೆ ಅದೇ ರಾಜ್‌ಕುಮಾರ್‌ಗೆ ತಾಯಿಯಾದರು. ನಾಯಕ ನಾಯಕನಾಗಿಯೇ ಉಳಿದ. ಅಮ್ಮನ ಕೆಲಸವೆಂದರೆ ದೇವರ ಮುಂದೆ ದೀಪ ಹಚ್ಚುವುದು, ಕೆಮ್ಮುವುದು, ಮಗನಿಗೆ ಕೆಲಸ ಸಿಕ್ಕಿತೆಂದು ಅಳುವುದು. ಸೀರಿಯಲ್ ಬಂದ ಮೇಲೆ ಇನ್ನೊಂದು ಸೇರಿತು, ಸೊಸೆಗೆ ವಿಷ ಹಾಕುವುದು. ಈ ಎರಡೂ ಅಲ್ಲದೆ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಒಬ್ಬ ಗಂಡಸಿನ ಜೊತೆ ಸುಮ್ಮನೆ ಕೂತು ಮಾತಾಡಿ ನಗುವುದನ್ನು ದಿನವೂ, ಅದೂ ಊಟದ ಹೊತ್ತಿಗೆ, ಗಂಡ ಪಕ್ಕದಲ್ಲಿ ಕೂತಿರುವಾಗ ನೋಡಿದ್ದು ನಮಗೆ ಅದೇ ಮೊದಲು. ಅದೂ ನಮ್ಮ ಹುಡುಗಿ! ಬೇರೆ ಯಾರೇ ಆ ಪಾತ್ರ ಮಾಡಿದ್ದರೂ ಚೆನ್ನಾಗಿ ಮಾಡುತ್ತಿದ್ದರೇನೋ, ಆದರೆ ಹುಣಸೂರು ಗುಂಪಿಗೆ ಆ ಸಾಲು ಹಾಕುತ್ತಿರಲಿಲ್ಲ.

ಎಪಿಸೋಡು ಮುಗಿಯುತ್ತಿದ್ದ ಹಾಗೆ ಕಾನ್ಫರೆನ್ಸ್ ಕಾಲು. ಮೊದಮೊದಲು ಸುಧಾರಾಣಿಯ ಸೀರೆ, ರವಿಕೆಯ ಕತ್ತಿನ ಆಕಾರ. ‘ಮಂಗಳಗಿರಿ ಕಾಟನ್ನೇ ಅದು, ಬೆಟ್ ಕಟ್ತೀನಿ’ ಎನ್ನುವುದು ಕಡೂರು. ಆಮೇಲಾಮೇಲೆ ಮಾತು ತೆರೆಯಿಂದ ಈಚೆಗೆ ಬರತೊಡಗಿತು. ಗಂಡ ಹೋಗಿ ಅದೆಷ್ಟೋ ವರ್ಷವಾಗಿದ್ದ ಕಡೂರು ಒಂದು ರಾತ್ರಿ ಹೇಳಿದಳು: ಯಾರೋ ಒಬ್ಬರು ಕೇಳಿದ್ದರಂತೆ, ಒಳ್ಳೆಯವರೇ, ಮಗನಿಗೆ ಹೇಗೆ ಹೇಳುವುದೆಂದು ಉತ್ತರವನ್ನೇ ಕೊಡಲಿಲ್ಲವಂತೆ. ಕೊನೆಗೆ ಅವರು ಕೇಳುವುದನ್ನೂ ಬಿಟ್ಟರು. ಒಂದೇ ರೂಮಿನಲ್ಲಿ ಮಲಗಿ ಎದ್ದವರು ನಾವು, ಇದೊಂದನ್ನು ಹೇಳಲು ಅವಳಿಗೆ ಒಂದು ಸೀರಿಯಲ್ಲಿನ ನೆವ ಬೇಕಾಯಿತು. ‘ತುಳಸಿ ಒಪ್ಕೋಬೇಕು ಕಣ್ರೇ’ ಎಂದು ಅವಳು ದಿನವೂ ಹಟ ಹಿಡಿಯುತ್ತಿದ್ದುದು ಏಕೆಂದು ಆಗ ಗೊತ್ತಾಯಿತು.

ತುಳಸಿ ಒಪ್ಪಿದಳು. ಮದುವೆಯ ಸಂಚಿಕೆಗಳಿಗೆ ನಾವು ರಜಾ ಹಾಕಿದಷ್ಟೇ ಸಡಗರ ಮಾಡಿದೆವು. ಅರಸೀಕೆರೆ ಹೋಳಿಗೆ ಮಾಡಿದ ಫೋಟೊ ಹಾಕಿದಳು. ಕೊಳ್ಳೇಗಾಲದ ಯಜಮಾನರು, ‘ಯಾರ ಮದುವೆ?’ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಮಾತಾಡದೆ ಎರಡು ಹೋಳಿಗೆ ತಿಂದರಂತೆ.

ಆಮೇಲಿನದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಎರಡೂ ಕಡೆಯ ಮಕ್ಕಳ ಮುನಿಸು ಇರಲಿ, ಅದು ಸಹಜ. ಆದರೆ ಮಾಧವನ ಮನೆಯಲ್ಲಿ ಶಾರ್ವರಿ ಎಂಬವಳ ಹಳೆಯ ಸಂಚು, ಮುಚ್ಚಿಟ್ಟ ಗುಟ್ಟು, ಬಾಗಿಲ ಹಿಂದೆ ಕದ್ದು ಕೇಳುವುದು ಇವೆಲ್ಲ ಶುರುವಾದ ಮೇಲೆ ತುಳಸಿ ಮತ್ತೆ ಎಲ್ಲರನ್ನೂ ಸಂಭಾಳಿಸುವ ದೊಡ್ಡ ಮನಸ್ಸಿನ ಗೃಹಿಣಿಯೇ ಆಗಿಹೋದಳು. ಅಡುಗೆಮನೆ ಬದಲಾಯಿತು ಅಷ್ಟೆ. ವಾರಕ್ಕೆ ಐದು ದಿನ ಓಡಿಸಬೇಕಾದ ಬಂಡಿ, ಗುರುವಾರ ಬಂದರೆ ಟಿಆರ್‌ಪಿ ಎಣಿಕೆ. ಇಬ್ಬರು ಕೂತು ಕಾಫಿ ಕುಡಿಯುವುದನ್ನೇ ಎಷ್ಟು ದಿನ ತೋರಿಸಲಾದೀತು? ನಾನಾದರೆ ತೋರಿಸುತ್ತಿದ್ದೆ. ತುಳಸಿ ಗರ್ಭಿಣಿ ಎಂಬ ತಿರುವು ಬಂದಾಗಲಂತೂ ಗುಂಪು ಒಡೆದು ಎರಡಾಯಿತು. ‘ಆಗಬಾರದು ಅಂತ ಎಲ್ಲಿ ಬರೆದಿದೆ?’ ಎನ್ನುವುದು ಹುಣಸೂರಿನ ವಾದ. ಆಯಮ್ಮನಿಗೆ ಒಂದು ಚೂರು ಆರಾಮ ಕೊಡಬಾರದೇ, ಈಗ ತಾನೆ ಕೈ ಖಾಲಿಯಾಗಿತ್ತು, ಮತ್ತೆ ಬಾಣಂತನವೇ ಎನ್ನುವುದು ಅರಸೀಕೆರೆಯ ಸಿಟ್ಟು. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು ಅವಳು, ಅವಳ ಎದುರು ವೈದ್ಯಕೀಯ ವಾದ ಹೂಡುವ ಧೈರ್ಯ ಯಾರಿಗೂ ಇರಲಿಲ್ಲ. ಒಂದಷ್ಟು ದಿನ ಕಾನ್ಫರೆನ್ಸ್ ಕಾಲು ಬಂದ್ ಆಯಿತು.

ಆ ದಿನಗಳಲ್ಲಿ ಕೊಳ್ಳೇಗಾಲ ಕಲರ್ಸ್ ಕನ್ನಡಕ್ಕೆ ಹಾರಿದ್ದಳು. ಅಲ್ಲಿ ‘ಭಾಗ್ಯಲಕ್ಷ್ಮಿ’, ಸುಷ್ಮಾ ಕೆ. ರಾವ್ ಮಾಡಿದ ಭಾಗ್ಯ, ಮಗಳು ತನ್ವಿಯ ಜೊತೆಗೇ ಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿಗೆ ಕೂರುತ್ತಾಳೆ. ಯೂನಿಫಾರ್ಮು, ಬ್ಯಾಗು, ಬೆಂಚು, ಎಲ್ಲ. ನಾವು ನಕ್ಕೆವು. ಅವಳು ನಗಲಿಲ್ಲ. ಎರಡನೇ ವರ್ಷದ ಬಿ.ಎ. ನಡುವೆಯೇ ಮದುವೆ ಮಾಡಿ ಕರೆದೊಯ್ದಿದ್ದರು ಅವಳನ್ನು. ಹಾಸ್ಟೆಲ್ಲಿನಿಂದ ಟ್ರಂಕು ಹೊರಟದ್ದು ನಮಗೆಲ್ಲ ನೆನಪಿದೆ, ಅವಳ ಕನ್ನಡ ಐಚ್ಛಿಕದ ನೋಟ್ಸು ನಾನೇ ಇಟ್ಟುಕೊಂಡಿದ್ದೆ. ಅವಳು ಯಾರಿಗೂ ಹೇಳದೆ ಮುಕ್ತಗಂಗೋತ್ರಿಗೆ ಹೋಗಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಿಕೊಂಡು, ಐಡಿ ಕಾರ್ಡಿನ ಫೋಟೊವನ್ನು ಗುಂಪಿಗೆ ಹಾಕಿದಾಗ ಹುಣಸೂರು, ಅರಸೀಕೆರೆ ಇಬ್ಬರೂ ಒಂದೇ ನಿಮಿಷದಲ್ಲಿ ಫೋನು ಮಾಡಿ ಜಗಳ ಮರೆತರು.

ತುಳಸಿಯ ಕಥೆ ಮುಗಿಯಿತು. ಕಾನ್ಫರೆನ್ಸ್ ಕಾಲಿನಲ್ಲಿ ಈಗ ಹಳಗನ್ನಡ. ಕೊಳ್ಳೇಗಾಲ ಪಂಪನ ಪದ್ಯವೊಂದನ್ನು ಓದಿ ಅರ್ಥ ಕೇಳುತ್ತಾಳೆ, ನಾವು ಯಾರೂ ಸರಿಯಾಗಿ ಹೇಳಲಾರೆವು, ಅರಸೀಕೆರೆಯಂತೂ ಆ ಸಂದರ್ಭವನ್ನು ಟಿವಿಯ ಮಹಾಭಾರತದಲ್ಲಿ ನೋಡಿದ ಪ್ರಕಾರ ವಿವರಿಸಿಬಿಡುತ್ತಾಳೆ. ಹೋದ ಪರೀಕ್ಷೆಯಲ್ಲಿ ಅದನ್ನೇ ನಂಬಿ ಬರೆದು ಬಂದ ಕೊಳ್ಳೇಗಾಲ ಆ ಪತ್ರಿಕೆಯೊಂದನ್ನು ಉಳಿಸಿಕೊಂಡಿದ್ದಾಳೆ. ಮರುಪರೀಕ್ಷೆಯ ಫೀಸು ಅರಸೀಕೆರೆಯೇ ಕಟ್ಟಬೇಕೆಂದು ಗುಂಪಿನಲ್ಲಿ ತೀರ್ಮಾನವಾಗಿದೆ.